ಗಾಳಿ ತುಂಬುವ ಹಾಯಿದೋಣಿ: ಹಾಯಿಗೆ ಮೆಚ್ಚುಗೆ, ಹೊಲಿಗೆಗೆ ಶಾಪ

ಉದ್ದ, ಅಗಲ, ಎಷ್ಟು ಭಾರ ಹೊರುತ್ತದೆ ಎಂಬುದೆಲ್ಲ ಮಾರುವವರ ಪುಟದಲ್ಲೇ ಇದೆ. ನಾನು ಬರೆಯುವುದು ಆಲಮಟ್ಟಿಯ ಹಿನ್ನೀರಿನಲ್ಲಿ ಹೆಂಡತಿ, ಇಬ್ಬರು ಮಕ್ಕಳು ಮತ್ತು ಕಟಕ ರೊಟ್ಟಿಯ ಡಬ್ಬಿಯನ್ನು ಇದು ಹೇಗೆ ಹೊತ್ತಿತು ಎಂಬುದನ್ನು.

ಮೊದಲು ಹಾಯಿ. ಕೊಡೆಯಂತೆ ಬಿಚ್ಚಿಕೊಳ್ಳುವ ಇದು ಬೆನ್ನ ಹಿಂದಿನ ಗಾಳಿಗೆ ಮಾತ್ರ ಕೆಲಸ ಮಾಡುತ್ತದೆ. ಗಾಳಿಗೆ ಎದುರಾಗಿ ಓರೆಯೋರೆಯಾಗಿ ಸಾಗಬೇಕಾದರೆ ದೋಣಿಯ ಅಡಿಯಿಂದ ನೀರಿಗೆ ಆಳವಾಗಿ ಇಳಿಯುವ ಹಲಗೆ ಬೇಕು. ಇಲ್ಲವಾದರೆ ದೋಣಿ ಪಕ್ಕಕ್ಕೆ ಜಾರುತ್ತದೆ. ಇದರ ತಳದಲ್ಲಿರುವುದು ಅಂಗೈಯಗಲದ ರೆಕ್ಕೆ, ಅಷ್ಟೇ. ಆದ್ದರಿಂದ ತೋಳಿನಲ್ಲಿ ಕಸುವಿರುವಾಗಲೇ ಪಡುವಣಕ್ಕೆ ಹುಟ್ಟು ಹಾಕುತ್ತೇವೆ. ರೊಟ್ಟಿ, ಶೇಂಗಾ ಚಟ್ನಿ ಮುಗಿದ ಮೇಲೆ ಹಾಯಿ ಬಿಚ್ಚುತ್ತೇವೆ. ಶ್ರಾವಣದಲ್ಲಿ ಜಲಾಶಯವೂ ತುಂಬಿರುತ್ತದೆ, ಪಡುವಣ ಗಾಳಿಯೂ ನಿಂತಿರುವುದಿಲ್ಲ. ಹಗ್ಗ ಮಗಳ ಕೈಯಲ್ಲಿ. ಮೂತಿಯಲ್ಲಿ ಕುಳಿತ ಮಗ ನೀರಿನಡಿಯ ಜಾಲಿಗಿಡ ಕಂಡ ಕೂಡಲೇ ಕೂಗಬೇಕು. ಮುಳ್ಳು ತಾಗಿದರೆ ಕಥೆ ಮುಗಿಯಿತು. ಘಟ್ಟದಲ್ಲಿ ಮಳೆ ಹೆಚ್ಚಾಗಿ ಅಣೆಕಟ್ಟಿನ ಗೇಟು ತೆರೆದ ದಿನಗಳಲ್ಲಿ ಯಾರು ಎಷ್ಟೇ ಹಟ ಮಾಡಿದರೂ ದೋಣಿ ಇಳಿಸುವುದಿಲ್ಲ. ಉಳಿದ ದಿನ ಹುಟ್ಟನ್ನು ಒಳಗಿಟ್ಟು, ಕಾಲು ಚಾಚಿ, ತಾನಾಗಿ ಮನೆಯ ಕಡೆಗೆ ಸರಿಯುವ ಆ ಸುಖಕ್ಕೆ ಕೊಟ್ಟ ಹಣ ಸಂದಿದೆ.

ಇನ್ನು ಹೊಲಿಗೆ. ತಳದ ಗಾಳಿಹಾಸನ್ನು ಒಂದು ಬಟ್ಟೆಯ ಚೀಲದೊಳಗೆ ತೂರಿಸಬೇಕು. ಇದನ್ನು ಯೋಜಿಸಿದವರು ಮರಳಿನ ದಡವನ್ನಷ್ಟೇ ಕಂಡಿರಬೇಕು. ಸಂಕ್ರಾಂತಿ ಕಳೆದು ನೀರು ಹಿಂದೆ ಸರಿದಂತೆ ನಮ್ಮಲ್ಲಿ ಬಯಲಾಗುವುದು ಎರೆ ಮಣ್ಣು. ಮೊಣಕಾಲಿನವರೆಗೆ ಮೆತ್ತಿಕೊಂಡ ಕೆಸರು ಮಕ್ಕಳ ಕಾಲಿನಿಂದ ದೋಣಿಗೆ, ದೋಣಿಯಿಂದ ಆ ಚೀಲದ ಮೂಲೆಗೆ ಸೇರುತ್ತದೆ. ಅಲ್ಲಿಗೆ ಕೈ ಹೋಗುವುದಿಲ್ಲ, ಹಳೆಯ ಹಲ್ಲುಜ್ಜುವ ಬ್ರಷ್ಷೇ ಗತಿ. ಈಗ ನಾವು ವಿಹಾರಕ್ಕೆ ಹೊರಡುವುದು ಗಾಳಿ ನೋಡಿ ಅಲ್ಲ, ಓಣಿಗೆ ನಲ್ಲಿ ನೀರು ಬಿಡುವ ದಿನ ನೋಡಿ! ದೂರು ಹೇಳಿದಾಗ ಅಂಗಡಿಯವರು ಕೊಟ್ಟ ಉತ್ತರ, ‘ನೆರಳಿನಲ್ಲಿ ಒಣಗಿಸಿ’. ಮಳೆಗಾಲದಲ್ಲಿ ಹಾಗೆ ಒಣಗಿಸಲು ಹೋಗಿ ಬೂಷ್ಟು ಬಂದಿದೆ.

ಬೇಸಿಗೆಗೆ ಉಪಾಯ ಕಂಡುಹಿಡಿದವಳು ಹೆಂಡತಿ. ಎರೆ ಮಣ್ಣು ಒಣಗಿದರೆ ಕುಗ್ಗಿ ಬಿರಿಯುವುದು ಹೊಲ ಕಂಡವರಿಗೆಲ್ಲ ಗೊತ್ತು. ತೊಳೆಯುವ ಗೊಡವೆಗೇ ಹೋಗದೆ, ಚೀಲದ ಬಾಯಿ ತೆರೆದು ಮಾಳಿಗೆಯ ತಗಡಿನ ನೆರಳಿನಲ್ಲಿ ನೇತುಹಾಕಿ, ಮರುದಿನ ಬಡಿದರೆ ಹೆಂಟೆ ಹೆಂಟೆಯಾಗಿ ಉದುರುತ್ತದೆ. ಬಿಸಿಲಿಗೆ ಮಾತ್ರ ಹಾಕಬೇಡಿ, ಪಿವಿಸಿ ಕೆಡುತ್ತದೆ. ಇದನ್ನು ಕಲಿತ ಮೇಲೆ ನನ್ನ ಸಿಟ್ಟು ಅರ್ಧ ಇಳಿದಿದೆ.

ಬೆಲೆ ಹಳೆಯ ಬೈಕೊಂದರಷ್ಟು. ನಿಜವಾದ ಹಾಯಿದೋಣಿ ಕೊಂಡು ನಿಲ್ಲಿಸಲು ನಮಗೆ ದಕ್ಕೆಯೂ ಇಲ್ಲ, ದುಡ್ಡೂ ಇಲ್ಲ. ಇದಾದರೆ ಕಾರಿನ ಡಿಕ್ಕಿಯಲ್ಲಿ ಕೂರುತ್ತದೆ. ಐದರಲ್ಲಿ ಮೂರೂವರೆ ಕೊಡುತ್ತೇನೆ. ಜೊತೆಗೆ ಬರುವ ಪಂಪನ್ನು ನಂಬದೆ ಬೇರೊಂದನ್ನು ಕೊಳ್ಳಿ.