ಕಸೂತಿಗೆ ಗಾಜಿನ ಫ್ರೇಮೋ, ತೂಗುವ ಕೋಲೋ?
ಅಂಗೈ ಅಗಲದಿಂದ ಒಂದಡಿವರೆಗಿನ ಕಸೂತಿಗೆ ಫ್ರೇಮೇ ಸರಿ. ಆಮ್ಲರಹಿತ ರಟ್ಟಿನ ಮೇಲೆ ಬಟ್ಟೆ ಹರಡಿ, ಸುತ್ತಲೂ 2 ಇಂಚು ಹಿಂದಕ್ಕೆ ಮಡಚಿ, ಎದುರುಬದುರು ಅಂಚುಗಳನ್ನು ಗಟ್ಟಿ ದಾರದಿಂದ ನಡುವಿನಿಂದ ಶುರುಮಾಡಿ ಎಳೆದು ಹೊಲಿಯಿರಿ. ಒಂದು ಮೂಲೆ ಹೆಚ್ಚು ಬಿಗಿದರೂ ಎಳೆ ಎಣಿಸಿ ಹಾಕಿದ ಗೋಪುರದ ಚಿತ್ತಾರ ವಾಲುತ್ತದೆ. ಅಂಟು ಬೇಡವೇ ಬೇಡ, ಕಾಲ ಕಳೆದಂತೆ ಹಳದಿ ಕಲೆಯಾಗುತ್ತದೆ. ಗಾಜು ಬಟ್ಟೆಗೆ ತಾಗಿದರೆ ಮಳೆಗಾಲದಲ್ಲಿ ಬೂಷ್ಟು ಹಿಡಿಯುತ್ತದೆ. ನಡುವೆ 5 ಮಿ.ಮೀ. ಅಂತರವಿರಲಿ.

ಕೌದಿಯಂಥ ಭಾರದ ಬಟ್ಟೆಗೆ ಕೋಲು. ಹಿಂಬದಿಯ ಮೇಲಂಚಿನುದ್ದಕ್ಕೂ 4 ಇಂಚಿನ ಹತ್ತಿಪಟ್ಟಿ ಹೊಲಿದು ಕೋಲು ತೂರಿಸಿದರೆ ಭಾರ ಸಮನಾಗಿ ಹಂಚುತ್ತದೆ. ಎರಡೇ ಮೊಳೆಗೆ ಸಿಕ್ಕಿಸಿದರೆ ನಡು ಜೋತುಬೀಳುತ್ತದೆ. ಖರ್ಚು ಕಡಿಮೆ, ಧೂಳು ಮಾತ್ರ ಹೆಚ್ಚು.

ಕಸೂತಿಯಲ್ಲಿ ಗೆರೆಯಂಥ ಗವಂತಿ, ಮೆಟ್ಟಿಲಿನಂಥ ಮುರ್ಗಿ ಹೊಲಿಗೆ ಎರಡೂ ಬದಿ ಒಂದೇ ತೆರ. ಅಂಥದ್ದನ್ನು ರಟ್ಟಿಗೆ ಒತ್ತಿ ಮುಚ್ಚುವುದು ಅನ್ಯಾಯ. ಚಿಕ್ಕದಾದರೂ ಮೇಲಂಚಿಗೆ ಕುಣಿಕೆ ಹಾಕಿ ಕೋಲಿಗೇ ತೂಗಿಸಿ, ನೇರ ಬಿಸಿಲು ಬೀಳದ ಕಡೆ.