ಡೆಲೋಸ್‌ಗೆ ಅಂತ ದುಡ್ಡು ತಗೊಂಡು ದೂರದಿಂದ ತೋರಿಸಿ ಕಳಿಸಿದರು

ಗ್ರೀಸ್‌ನ ಮಿಕೊನೊಸ್ ದ್ವೀಪಕ್ಕೆ ಹೋಗುವವರು, ಅದರಲ್ಲೂ ಊರಿನಿಂದ ಅಪ್ಪ ಅಮ್ಮನನ್ನು ಕರೆಸಿಕೊಂಡು ಯುರೋಪ್ ತೋರಿಸುವವರು, ದಯವಿಟ್ಟು ಇದನ್ನು ಪೂರ್ತಿ ಓದಿ. ಹತ್ತಿರದ ಎರಡು ದ್ವೀಪಗಳ ಹೆಸರಲ್ಲಿ "ಡೆಲೋಸ್ ಮತ್ತು ರೀನಿಯಾ" ಅಂತ ಬೋರ್ಡ್ ಹಾಕಿಕೊಂಡು ಒಂದು ದಿನದ ಬೋಟ್ ಟ್ರಿಪ್ ಮಾರುತ್ತಾರಲ್ಲ, ಅದರಲ್ಲಿ ನಮಗೆ ಮೋಸ ಆಗಿದೆ. ಎಲ್ಲ ಬೋಟಿನವರೂ ಹೀಗೆ ಅಂತ ಹೇಳುತ್ತಿಲ್ಲ. ಡೆಲೋಸ್‌ನಲ್ಲಿ ನಿಜವಾಗಿ ಇಳಿಸಿ, ಗೈಡ್ ಜೊತೆ ಸುತ್ತಿಸಿ, ಆಮೇಲೆ ಈಜಲು ರೀನಿಯಾಗೆ ಕರೆದುಕೊಂಡು ಹೋಗುವವರೂ ಇದ್ದಾರೆ. ನಮಗೆ ಸಿಕ್ಕವರು ಅಂಥವರಲ್ಲ. ದುಡ್ಡು ವಾಪಸ್ ಕೇಳಿ ಬ್ಯಾಂಕಿನಲ್ಲಿ ಹಾಕಿದ ದೂರು ಇನ್ನೂ ನಡೆಯುತ್ತಿದೆ, ಹಾಗಾಗಿ ಹೆಸರು ಹಾಕುತ್ತಿಲ್ಲ.

ನಾವು ಮಿಕೊನೊಸ್‌ಗೆ ಹೋಗಿದ್ದೇ ಡೆಲೋಸ್‌ಗೋಸ್ಕರ. ಬೀಚ್ ಪಾರ್ಟಿ ನಮಗೆ ಬೇಕಿರಲಿಲ್ಲ. ಅಪ್ಪ ಹೈಸ್ಕೂಲಿನಲ್ಲಿ ಸಮಾಜ ಪಾಠ ಮಾಡಿ ರಿಟೈರ್ ಆದವರು. ಮ್ಯೂನಿಕ್‌ಗೆ ನಮ್ಮ ಮನೆಗೆ ಬರುವ ಮೊದಲೇ ಫೋನಿನಲ್ಲಿ ಕೇಳಿದ್ದು ಇದೊಂದೇ. ಅಪೊಲೊ, ಆರ್ಟೆಮಿಸ್ ದೇವತೆಗಳು ಹುಟ್ಟಿದ ಜಾಗ ಅಂತ ಗ್ರೀಕರು ನಂಬಿದ್ದ ದ್ವೀಪ ಅದು. ಈಗ ಅಲ್ಲಿ ಊರಿಲ್ಲ, ಹೋಟೆಲ್ ಇಲ್ಲ, ಪ್ರವಾಸಿಗರು ರಾತ್ರಿ ಉಳಿಯುವ ಹಾಗಿಲ್ಲ. ಎಲ್ಲಿ ನೋಡಿದರೂ ಅಗೆದು ತೆಗೆದ ಹಳೇ ಪಟ್ಟಣ. ಫ್ರೆಂಚರು 1873ರಿಂದ ಅಗೆಯುತ್ತಿದ್ದಾರೆ. 1990ರಿಂದ ಯುನೆಸ್ಕೋ ಪಟ್ಟಿಯಲ್ಲಿದೆ. ಅಪ್ಪ ನೋಡಬೇಕು ಅಂದಿದ್ದು ಅಲ್ಲಿನ ಅಮೃತಶಿಲೆಯ ಸಿಂಹಗಳನ್ನು. ನಾಕ್ಸೋಸ್ ದ್ವೀಪದವರು ಕ್ರಿಸ್ತಪೂರ್ವ 600ರ ಸುಮಾರಿಗೆ ಅಪೊಲೊಗೆ ಅಂತ ಸಾಲಾಗಿ ಕೂರಿಸಿದ್ದು. ಬಯಲಲ್ಲಿ ಈಗಿರುವುದು ನಕಲು, ಅಸಲಿಯನ್ನು ಮ್ಯೂಸಿಯಂಗೆ ಸಾಗಿಸಿದ್ದಾರೆ ಅನ್ನುವುದೂ ಅವರಿಗೆ ಗೊತ್ತಿತ್ತು. ಆದರೂ ಆ ಸಾಲಿನ ಮುಂದೆ ನಿಲ್ಲಬೇಕು ಅಂತ ಆಸೆ.

ಬುಕ್ ಮಾಡಿದ್ದು ಹೋಟೆಲ್ ಪಕ್ಕದ ಆಫೀಸಿನಲ್ಲಿ. ಅವರ ಬೋರ್ಡಿನ ಮೇಲೆ ದೊಡ್ಡದಾಗಿ ಅದೇ ಸಿಂಹಗಳ ಫೋಟೋ. ನಾನು ಬಿಡಿಸಿ ಬಿಡಿಸಿ ಕೇಳಿದೆ. ಡೆಲೋಸ್‌ನಲ್ಲಿ ಇಳಿಯುತ್ತೇವಾ? "ಎಸ್, ಎಸ್, ಡೆಲೋಸ್, ಸ್ವಿಮ್ಮಿಂಗ್, ಲಂಚ್, ಎಲ್ಲಾ ಇದೆ." ಒಳಗೆ ಹೋಗುವ ಟಿಕೆಟ್? "ಅದರ ಚಿಂತೆ ನಿಮಗೆ ಬೇಡ, ನಾವು ನೋಡಿಕೊಳ್ಳುತ್ತೇವೆ." ತಲೆಗೆ 95 ಯೂರೋ. ನಾಲ್ಕು ಜನ. ಲೆಕ್ಕ ನೀವೇ ಹಾಕಿ. ಅಪ್ಪನ ವಯಸ್ಸಿನವರಿಗೆ ಎಷ್ಟು ನಡೆಯಬೇಕಾಗುತ್ತದೆ ಅಂತಲೂ ಕೇಳಿದೆ. "ಆರಾಮಾಗಿ ನಡೆಯಬಹುದು" ಅಂದಳು ಆ ಹುಡುಗಿ. ನಡೆಯಬಹುದು ಅಂದಳು! ಇಳಿಸುವುದೇ ಇಲ್ಲ ಅಂತ ಗೊತ್ತಿದ್ದವಳು ನಡೆಯುವ ಮಾತು ಯಾಕೆ ಆಡಬೇಕಿತ್ತು?

ಅಲ್ಲಿ ನೆರಳಿಲ್ಲ ಅಂತ ಅಪ್ಪ ಟೋಪಿ, ಬೂಟು, ಎರಡು ಬಾಟಲಿ ನೀರು ಎಲ್ಲಾ ಸಿದ್ಧ ಮಾಡಿಕೊಂಡಿದ್ದರು. ಬೋಟ್ ಹೊರಟು ಸುಮಾರು ಅರ್ಧ ಗಂಟೆಗೆ ಡೆಲೋಸ್ ಹತ್ತಿರ ಬಂತು. ಕಂಬಗಳು ಕಾಣಿಸಿದವು, ಹಿಂದೆ ಕಿಂಥೋಸ್ ಗುಡ್ಡ. ಅಪ್ಪ ಎದ್ದು ಬ್ಯಾಗ್ ಹೆಗಲಿಗೆ ಹಾಕಿಕೊಂಡರು. ಅಮ್ಮನಿಗೆ ಚಪ್ಪಲಿ ಹಾಕಿಕೋ, ಬಂತು ಅಂದರು. ಬೋಟ್ ನಿಧಾನ ಆಯಿತು. ಸ್ಪೀಕರಿನಲ್ಲಿ ಮ್ಯೂಸಿಕ್ ಸಣ್ಣ ಮಾಡಿ ಒಬ್ಬ ಹೇಳಿದ, "ಇದು ಡೆಲೋಸ್, ಅಪೊಲೊ ಹುಟ್ಟಿದ ದ್ವೀಪ, ಫೋಟೋ ತಗೊಳ್ಳಿ." ಎಲ್ಲರೂ ಫೋನ್ ಎತ್ತಿದರು. ಆಮೇಲೆ ಮ್ಯೂಸಿಕ್ ಮತ್ತೆ ಜೋರಾಯಿತು. ಬೋಟ್ ತಿರುಗಿ ಎದುರಿನ ರೀನಿಯಾ ಕಡೆ ಹೊರಟಿತು. ಅಪ್ಪ ಕಂಬಿ ಹಿಡಿದು ನಿಂತೇ ಇದ್ದರು. ವಾಪಸ್ ಬರುವಾಗ ಇಳಿಸುತ್ತಾರೇನೋ ಅಂದರು.

ಕ್ಯಾಪ್ಟನ್ ಹತ್ತಿರ ಹೋಗಿ ಕೇಳಿದೆ. "ಇವತ್ತು ಗಾಳಿ. ಮೆಲ್ತೆಮಿ. ಕಟ್ಟೆಗೆ ಬೋಟ್ ಹಚ್ಚಲು ಆಗುವುದಿಲ್ಲ" ಅಂದ. ಜುಲೈ ಆಗಸ್ಟ್‌ನಲ್ಲಿ ಆ ಕಡೆ ಉತ್ತರದಿಂದ ಮೆಲ್ತೆಮಿ ಗಾಳಿ ಬೀಸುವುದು ನಿಜ. ಜೋರಾದ ದಿನ ಬೋಟುಗಳು ನಿಲ್ಲುವುದೂ ನಿಜ. ಆದರೆ ಅವನು ಈ ಮಾತು ಹೇಳುತ್ತಿದ್ದಾಗ ಅವನ ಬೆನ್ನ ಹಿಂದೆಯೇ ಹಳೇ ಬಂದರಿನಿಂದ ಬಂದ ಮಾಮೂಲಿ ಬೋಟ್ ಡೆಲೋಸ್ ಕಟ್ಟೆಗೆ ನಿಂತಿತ್ತು. ಜನ ಇಳಿಯುತ್ತಿದ್ದರು. ಒಬ್ಬ ಹೆಂಗಸು ಛತ್ರಿ ಬಿಚ್ಚುತ್ತಿದ್ದಳು. ಒಂದು ಮಗುವನ್ನು ಎತ್ತಿ ಇಳಿಸಿದರು. ನಾನು ಕೈ ತೋರಿಸಿದೆ. ಅವರು ಇಳಿಯುತ್ತಿದ್ದಾರಲ್ಲ? ಅವನು ತಿರುಗಿ ನೋಡಲೂ ಇಲ್ಲ. "ಅದು ದೊಡ್ಡ ಬೋಟ್" ಅಂದ. ಹಾಗಾದರೆ ಗಾಳಿ ಇಲ್ಲದ ದಿನ ನೀವು ಇಳಿಸುತ್ತೀರಾ? ಆಗ ನಿಜ ಬಾಯಿಗೆ ಬಂತು. "ನಮ್ಮದು ವ್ಯೂ ಟೂರ್ ಸಾರ್."

ವ್ಯೂ ಟೂರ್! ಗಾಳಿ ಗೀಳಿ ಏನೂ ಇಲ್ಲ. ಇಳಿಸುವ ಯೋಚನೆಯೇ ಅವರಿಗೆ ಇರಲಿಲ್ಲ. ಆ ಸಿಂಹಗಳು ದಡದಿಂದ ಒಳಗಿವೆ, ನಮ್ಮ ಬೋಟಿನಿಂದ ಒಂದೂ ಕಾಣಲಿಲ್ಲ. ಕಾಣದ ಸಿಂಹದ ಫೋಟೋ ಹಾಕಿ ಟಿಕೆಟ್ ಮಾರಿದ್ದಾರೆ.

ರೀನಿಯಾದಲ್ಲಿ ಲಂಗರು ಹಾಕಿ ಗಂಟೆಗಟ್ಟಲೆ ನಿಂತರು. ನೀರು ಚೆನ್ನಾಗಿದೆ, ಸುಳ್ಳು ಹೇಳುವುದಿಲ್ಲ. ಅಮ್ಮನಿಗೆ ಈಜು ಬರುವುದಿಲ್ಲ, ಅಪ್ಪನಿಗೆ ಮನಸ್ಸಿಲ್ಲ. ವೆಜ್ ಊಟ ಅಂತ ಬರೆಸಿದ್ದೆವು, ಸಿಕ್ಕಿದ್ದು ಸೌತೆಕಾಯಿ, ಟೊಮೇಟೊ, ಬ್ರೆಡ್. ಅಥೆನ್ಸ್‌ನವರು ಕ್ರಿಸ್ತಪೂರ್ವ 426ರಲ್ಲಿ ಡೆಲೋಸನ್ನು ಶುದ್ಧ ಮಾಡಬೇಕು ಅಂತ ಅಲ್ಲಿನ ಗೋರಿಗಳನ್ನೆಲ್ಲ ಅಗೆಸಿ ಈ ರೀನಿಯಾಗೆ ಸಾಗಿಸಿದರಂತೆ. ಇನ್ನು ಮೇಲೆ ಡೆಲೋಸ್‌ನಲ್ಲಿ ಯಾರೂ ಹುಟ್ಟುವಂತಿಲ್ಲ, ಸಾಯುವಂತಿಲ್ಲ, ಸಾಯುವ ಸ್ಥಿತಿಯವರನ್ನು, ಹೆರಿಗೆ ಹತ್ತಿರ ಬಂದವರನ್ನು ರೀನಿಯಾಗೆ ತರಬೇಕು ಅಂತ ಕಟ್ಟುಪಾಡು ಮಾಡಿದರಂತೆ. ಇದನ್ನು ಹೇಳಿದ್ದು ಗೈಡ್ ಅಲ್ಲ. ಗೈಡ್ ಅಂತ ಒಬ್ಬರೂ ಇರಲಿಲ್ಲ. ಅಪ್ಪನೇ ಅಮ್ಮನಿಗೆ ಹೇಳುತ್ತಾ ಕೂತಿದ್ದರು, ಆ ಗಲಾಟೆ ಮ್ಯೂಸಿಕ್ ನಡುವೆ.

ಸಂಜೆ ಆಫೀಸಿಗೆ ಹೋದೆ. ಅದೇ ಹುಡುಗಿ. "ನೀವು ಡೆಲೋಸ್ ನೋಡಿದಿರಿ ಅಲ್ವಾ?" ಅಂತ ನನ್ನನ್ನೇ ಕೇಳಿದಳು. ಇಳಿಸುತ್ತೇವೆ ಅಂದಿದ್ದಿರಿ ಅಂದೆ. "ಟಿಕೆಟ್ ಮೇಲೆ ಡೆಲೋಸ್ ಅಂತ ಇದೆ, ಲ್ಯಾಂಡಿಂಗ್ ಅಂತ ಎಲ್ಲಿದೆ ತೋರಿಸಿ." ಮೆಸೇಜ್ ಹಾಕಿದೆ. ಮ್ಯಾನೇಜರ್ ಉತ್ತರ: "ನಿಮ್ಮ ಕುಟುಂಬ ಊಟ ಮಾಡಿದೆ, ಸೇವೆ ಪಡೆದಿದೆ, ಹಣ ವಾಪಸ್ ಇಲ್ಲ." ಮತ್ತೆ ಬರೆದೆ. ಯುರೋಪಿನ ಹಡಗು ಪ್ರಯಾಣಿಕರ ಹಕ್ಕಿನ ಬಗ್ಗೆ ಹೇಳಿದೆ. ಅದಕ್ಕೆ ಮಾತ್ರ ಐದೇ ನಿಮಿಷದಲ್ಲಿ ಉತ್ತರ ಬಂತು: "ಅದು ಫೆರ್ರಿಗೆ. ನಮ್ಮದು ವಿಹಾರದ ಟ್ರಿಪ್, ನಮಗೆ ಅನ್ವಯಿಸುವುದಿಲ್ಲ." ಓದಿ ನೋಡಿದೆ. 1177/2010 ಅನ್ನುವ ಆ ನಿಯಮ ಇಂಥ ವಿಹಾರದ ಟ್ರಿಪ್‌ಗಳನ್ನು ನಿಜವಾಗಿಯೂ ಹೊರಗಿಟ್ಟಿದೆ. ಅವರಿಗೆ ಇದೆಲ್ಲ ಬಾಯಿಪಾಠ. ಎಷ್ಟು ಜನಕ್ಕೆ ಇದೇ ಉತ್ತರ ಕೊಟ್ಟಿದ್ದಾರೋ.

ಆಮೇಲೆ ಗಾಳಿ ಜಾಸ್ತಿಯಾಗಿ ಬೋಟುಗಳು ನಿಂತವು, ನಮ್ಮ ವಾಪಸ್ ಫ್ಲೈಟ್ ದಿನ ಬಂತು. ಡೆಲೋಸ್ ನೋಡದೆಯೇ ಅಪ್ಪ ಹಿಂತಿರುಗಿದರು. ವೀಸಾ ಮುಗಿದು ಈಗ ಊರಲ್ಲಿದ್ದಾರೆ. ಬಿಡು, ಹೋಗಲಿ ಅನ್ನುತ್ತಾರೆ. ನನಗೆ ಬಿಡಲು ಆಗುತ್ತಿಲ್ಲ.

ಹೋಗುವವರಿಗೆ ಇಷ್ಟು ಹೇಳುತ್ತೇನೆ. ಹೋಟೆಲ್ ಪಕ್ಕದ ಆಫೀಸು, ಪ್ಯಾಕೇಜು, ಲಂಚು ಯಾವುದೂ ಬೇಡ. ಮಿಕೊನೊಸ್ ಹಳೇ ಬಂದರಿನಲ್ಲಿ ಸಂತ ನಿಕೋಲಸ್‌ನ ಪುಟ್ಟ ಚರ್ಚ್ ಇದೆ, ಅದರ ಹತ್ತಿರದ ಕಟ್ಟೆಯಿಂದಲೇ ಡೆಲೋಸ್ ಬೋಟುಗಳು ಹೊರಡುತ್ತವೆ. ಅಲ್ಲೇ ಟಿಕೆಟ್ ತಗೊಳ್ಳಿ. ಒಳಗೆ ಹೋಗುವ ಟಿಕೆಟ್ ಬೇರೆ, ಅದು ಬೋಟಿನ ದರದಲ್ಲಿ ಸೇರಿರುವುದಿಲ್ಲ. ಬಂದ ದಿನವೋ ಮಾರನೇ ದಿನವೋ ಹೋಗಿಬಿಡಿ, ಕೊನೇ ದಿನಕ್ಕೆ ಇಟ್ಟುಕೊಂಡರೆ ಗಾಳಿ ಕೈ ಕೊಡಬಹುದು. ಪ್ಯಾಕೇಜೇ ಬೇಕು ಅನ್ನುವವರು "ಡೆಲೋಸ್‌ನಲ್ಲಿ ಇಳಿಸುತ್ತೇವೆ, ಇಷ್ಟು ಗಂಟೆ" ಅಂತ ಟಿಕೆಟ್ ಮೇಲೆ ಅವರ ಕೈಯಲ್ಲೇ ಬರೆಸಿ. ಬರೆಯಲು ಹಿಂದೆ ಮುಂದೆ ನೋಡಿದರೆ ಎದ್ದು ಬನ್ನಿ. ಕ್ಯಾಶ್ ಕೊಡಬೇಡಿ. ಕಾರ್ಡಿನಲ್ಲಿ ಕೊಟ್ಟಿದ್ದಕ್ಕೇ ನನಗೆ ಬ್ಯಾಂಕಿನಲ್ಲಿ ಕೇಳುವ ದಾರಿ ಒಂದಾದರೂ ಉಳಿದಿದೆ.

ನಾನು ಅವರ ಪೇಜಿನಲ್ಲಿ ಒಂದು ಸ್ಟಾರ್ ಕೊಟ್ಟು ನಡೆದದ್ದನ್ನೆಲ್ಲ ಬರೆದೆ. ಅಷ್ಟು ದಿನ ಸುಮ್ನೆ ಇದ್ದ ಮ್ಯಾನೇಜರ್ ತಾನಾಗೇ ಮೆಸೇಜ್ ಹಾಕಿದ. ರಿವ್ಯೂ ತೆಗೆದರೆ ಮುಂದಿನ ಸಲ ಇದೇ ಟ್ರಿಪ್‌ನಲ್ಲಿ ನಿಮಗೆ 20% ಕಡಿಮೆ ಮಾಡುತ್ತೇವೆ ಅಂತೆ. ಇದೇ ಟ್ರಿಪ್‌ನಲ್ಲಿ! ರಿವ್ಯೂ ಅಲ್ಲೇ ಇದೆ, ತೆಗೆಯುವುದಿಲ್ಲ.