ವಖಾರಿಯ ಲೆಕ್ಕಕ್ಕೆ ಕ್ಲೌಡ್ ಸಾಫ್ಟ್‌ವೇರ್: ಎರಡು ವರ್ಷ ಬಳಸಿದ ಮೇಲೆ ಎರಡೂವರೆ ಸ್ಟಾರ್

ಶಿರಸಿಯಲ್ಲಿ ನಮ್ಮದು ಚಿಕ್ಕ ಅಡಿಕೆ ವಖಾರಿ. ಎರಡು ವರ್ಷದ ಹಿಂದೆ ಮೇ ತಿಂಗಳ ಸಿಡಿಲಿಗೆ ಅಂಗಡಿಯ ಕಂಪ್ಯೂಟರ್ ಸುಟ್ಟುಹೋಯಿತು, ಜೊತೆಗೆ ಒಂದು ತಿಂಗಳ ಲೆಕ್ಕವೂ. ಆ ಹೆದರಿಕೆಗೇ ಈ ಕ್ಲೌಡ್ ಸಾಫ್ಟ್‌ವೇರ್ ಹಾಕಿಸಿದ್ದು. ಇದರಲ್ಲಿ ಲೆಕ್ಕ ಅಂಗಡಿಯ ಕಂಪ್ಯೂಟರಿನಲ್ಲಿ ಇರುವುದಿಲ್ಲ, ದೂರದ ಸರ್ವರಿನಲ್ಲಿರುತ್ತದೆ, ನೆಟ್ ಮೂಲಕ ನೋಡಬೇಕು.

ಒಳ್ಳೆಯದನ್ನು ಮೊದಲೇ ಹೇಳಿಬಿಡುತ್ತೇನೆ. ಆಡಿಟರ್ ತಮ್ಮ ಆಫೀಸಿನಿಂದಲೇ ಎಲ್ಲಾ ನೋಡುತ್ತಾರೆ. ಜಿಎಸ್‌ಟಿ ರಿಟರ್ನ್ ಸಲೀಸು. ಚಾಲಿ, ರಾಶಿ, ಬೆಟ್ಟೆ, ಕೆಂಪುಗೋಟು ಎಂದು ದಾಸ್ತಾನು ಬೇರೆಬೇರೆ ಇಡಬಹುದು.

ತೊಂದರೆ ಶುರುವಾಗಿದ್ದು ಮಳೆಗಾಲದಲ್ಲಿ. ಕಳೆದ ಜುಲೈನಲ್ಲಿ ಯಲ್ಲಾಪುರ ರಸ್ತೆಯಲ್ಲಿ ಮರ ಬಿದ್ದು ಫೈಬರ್ ಕೇಬಲ್ ಹರಿಯಿತು. ಮೂರು ದಿನ ನೆಟ್ ಇಲ್ಲ. ಮೊಬೈಲ್ ಸಿಗ್ನಲ್ ಕರೆಂಟಿದ್ದರೆ ಉಂಟು, ಇಲ್ಲದಿದ್ದರೆ ಇಲ್ಲ. ಹುಲೇಕಲ್ ಕಡೆಯ ಹಿರಿಯರೊಬ್ಬರು ಮೊಮ್ಮಗಳ ಕಾಲೇಜು ಫೀಸಿಗೆಂದು ಬಾಕಿ ಹಣ ಕೇಳಿಕೊಂಡು ಬಂದರು. ಹಣ ಗಲ್ಲಾದಲ್ಲೇ ಇತ್ತು. ಎಷ್ಟು ಕೊಡಬೇಕು ಅನ್ನೋದು ಮಾತ್ರ ಗೊತ್ತಿಲ್ಲ! ಪರದೆಯ ಮೇಲೆ ಚಕ್ರ ಸುತ್ತುತ್ತಲೇ ಇತ್ತು. ‘ನಿಮ್ಮ ಖಾತೆ ಮುಂಬೈ ಸರ್ವರಿನಲ್ಲಿದೆ’ ಅಂದೆ. ‘ಅಡಿಕೆ ಇಲ್ಲಿ ತೂಗಿದ್ಯಲೋ ತಮಾ, ಲೆಕ್ಕ ಮುಂಬೈಗೆ ಎಂತಕ್ಕೆ ಕಳಿಸಿದ್ದೆ?’ ಅಂದರು. ಕೊನೆಗೆ ಅವರ ಜೇಬಿನಲ್ಲಿದ್ದ, ನಾನೇ ಬರೆದುಕೊಟ್ಟಿದ್ದ ತೂಕದ ಚೀಟಿ ಬಿಡಿಸಿ ನೋಡಿ ಲೆಕ್ಕ ಹಾಕಿದೆ.

ನೆಟ್ ಹೋಗಿದ್ದು ಕಂಪನಿಯ ತಪ್ಪಲ್ಲ, ಒಪ್ಪುತ್ತೇನೆ. ಆದರೆ ನೆಟ್ ಇಲ್ಲದಾಗ ಹಳೆ ಖಾತೆ ಓದಲಿಕ್ಕಾದರೂ ಬರಬೇಕು, ಅಲ್ವಾ?

ಬ್ಯಾಕಪ್, ಅಂದರೆ ಲೆಕ್ಕದ ಇನ್ನೊಂದು ಪ್ರತಿ, ಎಲ್ಲಿಡುತ್ತೀರಿ ಎಂದು ಹೆಲ್ಪ್‌ಲೈನಿಗೆ ಕೇಳಿದೆ. ಸೇಫ್ ಇದೆ ಅನ್ನೋದಷ್ಟೇ ಉತ್ತರ, ಅದೂ ಹಿಂದಿಯಲ್ಲಿ. ನಾನು ಸುಮ್ನೆ ಕೇಳಿದ್ದಲ್ಲ. 2021ರ ಮಾರ್ಚ್‌ನಲ್ಲಿ ಫ್ರಾನ್ಸಿನ ಸ್ಟ್ರಾಸ್‌ಬರ್ಗ್‌ನಲ್ಲಿ ಓವಿಎಚ್ ಕ್ಲೌಡ್ ಎಂಬ ಕಂಪನಿಯ ಸರ್ವರುಗಳಿದ್ದ ಡೇಟಾ ಸೆಂಟರ್‌ಗೆ ಬೆಂಕಿ ಬಿತ್ತು. ಬ್ಯಾಕಪ್ಪನ್ನೂ ಅಲ್ಲೇ ಇಟ್ಟಿದ್ದ ಗಿರಾಕಿಗಳು ಮೂಲ ಡೇಟಾ, ಬ್ಯಾಕಪ್ ಎರಡನ್ನೂ ಕಳೆದುಕೊಂಡರು.

ಬಿಟ್ಟುಬಿಡೋಣ ಅಂದರೆ ಅದಂತೂ ಇನ್ನೂ ಕಷ್ಟ. ಚಂದಾ ನಿಲ್ಲಿಸಿದರೆ 90 ದಿನಕ್ಕೆ ಡೇಟಾ ಅಳಿಸುತ್ತಾರಂತೆ, ಕರಾರಿನ ಸಣ್ಣಕ್ಷರದಲ್ಲಿದೆ. ಜಿಎಸ್‌ಟಿ ಕಾನೂನಿನ ಪ್ರಕಾರ ನಾನು ವಾರ್ಷಿಕ ರಿಟರ್ನ್ ಗಡುವಿನಿಂದ 72 ತಿಂಗಳು ಲೆಕ್ಕಪತ್ರ ಇಟ್ಟುಕೊಳ್ಳಬೇಕು. ಹಳೆ ಬಿಲ್ಲುಗಳು ಪಿಡಿಎಫ್‌ನಲ್ಲಿ ಮಾತ್ರ ಇಳಿಯುತ್ತವೆ, ಒಂದೊಂದಾಗಿ. ಬೇರೆ ಸಾಫ್ಟ್‌ವೇರಿಗೆ ಹಾಕಬೇಕಾದರೆ ಕೂತು ಟೈಪ್ ಮಾಡಬೇಕು. ಇದು ಅವರಿಗೂ ಚೆನ್ನಾಗಿ ಗೊತ್ತು. ಎರಡನೇ ವರ್ಷ ಧೈರ್ಯವಾಗಿ ದರ ಏರಿಸಿದರು.

ಈಗ ದಿನಾ ಸಂಜೆ ಬಾಗಿಲು ಹಾಕುವ ಮೊದಲು ರೈತರ ಬಾಕಿ ಪಟ್ಟಿ ಪ್ರಿಂಟ್ ತೆಗೆದು ಕಪಾಟಿನಲ್ಲಿಡುತ್ತೇನೆ. ಕಾಗದದ ಖರ್ಚು ಜಾಸ್ತಿಯಾಗಿದೆ. ನಿನ್ನೆ ಕಂಪನಿಯಿಂದ ಫೋನ್ ಬಂದಿತ್ತು, ಮೂರು ವರ್ಷಕ್ಕೆ ಒಟ್ಟಿಗೆ ಕಟ್ಟಿದರೆ ರಿಯಾಯಿತಿಯಂತೆ. ಒಂದೇ ವರ್ಷಕ್ಕೆ ಕಟ್ಟುತ್ತೇನೆ ಅಂದೆ.